ಚಾವಿ ಒಳಗ, ಕೂಸೂ ಒಳಗ

ಹೋದ ವರ್ಷದ ಮೇ ತಿಂಗಳು. ಕಾಳಗಿಯಲ್ಲಿ ನಮ್ಮ ಸೋದರತ್ತೆಯ ಮನೆ ಮುಂದೆ, ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ನನ್ನ ಎರಡೂವರೆ ವರ್ಷದ ಮಗಳು ಕಾರಿನೊಳಗೆ ಕೂತು ನನ್ನ ನೋಡಿ ನಗುತ್ತಿದ್ದಳು. ಕಾರಿನ ಚಾವಿ ಅವಳ ಕೈಯಲ್ಲಿ. ನಾಲ್ಕೂ ಬಾಗಿಲು ಲಾಕ್. ನಾವೆಲ್ಲ ಹೊರಗೆ.

ಇದು ಹೇಗಾಯ್ತು ಅಂತ ಕೇಳುವವರಿಗೆ ಮೊದಲೇ ಒಂದು ಪ್ರಶ್ನೆ. ಮಗು ಅತ್ತಾಗ ಸುಮ್ಮನಿರಲಿ ಅಂತ ಕಾರಿನ ಚಾವಿ ಕೊಟ್ಟಿಲ್ಲವಾ ನೀವು? ನಾನಂತೂ ಕೊಡ್ತಿದ್ದೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿ. ಚಾವಿ ತೂತಿಗೆ ಹಾಕುವ ಕೆಲಸವೇ ಇಲ್ಲ, ಕಾರಿನೊಳಗೆ ಎಲ್ಲಾದರೂ ಇದ್ದರೆ ಸಾಕು. ಕಲಬುರಗಿ ದಾಟಿದ ಮೇಲೆ ಚಿನ್ನಿ ಒಂದೇ ಸಮ ಅಳೋದಕ್ಕೆ ಶುರು ಮಾಡಿದಳು, ಚಾವಿ ಕೊಟ್ಟೆ, ಸುಮ್ಮನಾದಳು. ಕಾಳಗಿ ಬಂತು, ಎಂಜಿನ್ ಆಫ್ ಮಾಡಿದೆ. ಹೆಂಡತಿ, ಅವ್ವ ಇಳಿದರು. ನಾನು ಡಿಕ್ಕಿಯಿಂದ ಬ್ಯಾಗ್ ಇಳಿಸಿ ಡಿಕ್ಕಿ ಹಾಕಿದೆ. ಅಷ್ಟರಲ್ಲಿ ಪರ್ಸಿ ಕಲ್ಲು ತುಂಬಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂತು. ಧೂಳು ಮಗುವಿನ ಮುಖಕ್ಕೆ ಬಡಿಯದಿರಲಿ ಅಂತ ಹೆಂಡತಿ ಹಿಂದಿನ ಬಾಗಿಲು ಒಂದು ಗಳಿಗೆ ಮುಚ್ಚಿದಳು. ಟಕ್ ಅಂತ ಸದ್ದು.

ಒಳಗೆ ಚಾವಿ ಇದ್ದರೆ ಕಾರು ಲಾಕ್ ಆಗೋದೇ ಇಲ್ಲ ಅಂತ ನಾನು ನಂಬಿದ್ದೆ. ಅದು ಅರ್ಧ ಸತ್ಯ. ಹೊರಗಿನ ಹಿಡಿಕೆಯ ಬಟನ್ ಒತ್ತಿದಾಗ ಕಾರು ತನ್ನೊಳಗೆ ಚಾವಿ ಇದೆಯಾ ಅಂತ ಹುಡುಕುತ್ತೆ, ಇದ್ದರೆ ಲಾಕ್ ಆಗಲ್ಲ. ಆದರೆ ಎಂಜಿನ್ ಆಫ್ ಆಗಿ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಚಾವಿಯ ಮೇಲಿರುವ ಲಾಕ್ ಬಟನ್ನನ್ನೇ ಒತ್ತಿದರೆ ನನ್ನಂಥ ಎಷ್ಟೋ ಕಾರು ವಿಧೇಯವಾಗಿ ಲಾಕ್ ಆಗಿಬಿಡ್ತವೆ. ಒತ್ತಿದ್ದು ಒಳಗಿಂದಲೋ ಹೊರಗಿಂದಲೋ, ಎರಡೂವರೆ ವರ್ಷದವರೋ ಮೂವತ್ತು ವರ್ಷದವರೋ ಅಂತ ಕೇಳಲ್ಲ. ಸ್ಮಾರ್ಟ್ ಚಾವಿಯ ಹೊಟ್ಟೆಯೊಳಗೆ ಅಡಗಿಸಿಟ್ಟ ಸಣ್ಣ ಲೋಹದ ಚಾವಿ ಇರುತ್ತಲ್ಲ, ಅದೂ ಒಳಗೇ. ಎರಡನೇ ಚಾವಿ ಬೆಂಗಳೂರಿನ ಮನೆಯ ಕಪಾಟಿನಲ್ಲಿ.

ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವು ಆಮೇಲೆ ನಿಮಿಷ ನಿಮಿಷದ ವರದಿ ಬರೀತೀವಿ. ಫೋನಿನ ಕಾಲ್ ಲಿಸ್ಟ್ ನೋಡಿ ಆ ದಿನದ್ದನ್ನೂ ಹಾಗೇ ಬರೆದಿಟ್ಟುಕೊಂಡಿದ್ದೇನೆ. ಯಾರಿಗೂ ತೋರಿಸಿರಲಿಲ್ಲ.

1:12. ರೋಡ್‌ಸೈಡ್ ಸಹಾಯವಾಣಿಗೆ ಕಾಲ್. ಕನ್ನಡಕ್ಕೆ ಎರಡು ಒತ್ತಿ, ಕಾಯಿರಿ. ಕೊನೆಗೆ ಸಿಕ್ಕವರು ಕಲಬುರಗಿಯಿಂದ ಗಾಡಿ ಬರಬೇಕು, ಒಂದೂವರೆ ತಾಸು ಆಗಬಹುದು ಅಂದರು. ಸರಿ ಅಂದೆ! ಈಗ ನೆನೆಸಿಕೊಂಡರೆ ಆ 'ಸರಿ' ಎಲ್ಲಿಂದ ಬಂತೋ ಗೊತ್ತಾಗಲ್ಲ.

ಅಷ್ಟು ಹೊತ್ತೂ ಹೆಂಡತಿ ಗ್ಲಾಸಿಗೆ ಮುಖ ಇಟ್ಟು "ಚಿನ್ನೀ, ಒತ್ತು ಪುಟ್ಟಾ, ಇನ್ನೊಂದು ಬಟನ್ ಒತ್ತು" ಅಂತಿದ್ದಳು. ಚಿನ್ನಿಗೆ ಇದು ಆಟ. ಅವಳೂ ಚಾವಿ ಗ್ಲಾಸಿನ ಕಡೆ ಹಿಡಿದು ತೋರಿಸಿದಳು. ಆಮೇಲೆ ಅದು ಕೈಜಾರಿ ಕೆಳಗೆ ಬಿತ್ತು. ಮಕ್ಕಳ ಸೀಟಿನ ಬೆಲ್ಟ್ ಹಾಕಿದ್ದರಿಂದ ಬಗ್ಗಿ ಎತ್ತಿಕೊಳ್ಳಲು ಆಗಲ್ಲ. ಆಗ ಅಳು ಶುರುವಾಯ್ತು.

1:19. ಅತ್ತೆಯ ಮಗ ಬೈಕಿನಲ್ಲಿ ಹೋಗಿ ಗ್ಯಾರೇಜಿನ ಹುಡುಗನನ್ನು ಕರ್ಕೊಂಡು ಬಂದ. ಹುಡುಗನ ಕೈಯಲ್ಲಿ ಉಕ್ಕಿನ ಸ್ಕೇಲ್, ತಂತಿ. ಹಳೇ ಮಾರುತಿ 800 ಕಾಲದಲ್ಲಿ ಗ್ಲಾಸಿನ ಪಕ್ಕದ ರಬ್ಬರ್ ಸರಿಸಿ ಸ್ಕೇಲ್ ಇಳಿಬಿಟ್ಟರೆ ಬಾಗಿಲೊಳಗಿನ ಕಂಬಿ ಸಿಗುತ್ತಿತ್ತು, ಎಳೆದರೆ ಲಾಕ್ ತೆರೆಯುತ್ತಿತ್ತು. ಈಗ ಬಹಳಷ್ಟು ಗಾಡಿಗಳಲ್ಲಿ ಕಂಬಿಯ ಬದಲು ಮುಚ್ಚಿದ ಕೇಬಲ್, ಸುತ್ತ ವೈರಿಂಗ್. ಬಾಗಿಲಿನ ಮೇಲಂಚಿಗೆ ಬೆಣೆ ಹೊಡೆದು ಸಂದಿ ಮಾಡಿ ಉದ್ದನೆಯ ತಂತಿಯಿಂದ ಒಳಗಿನ ಹಿಡಿಕೆ ಎಳೆಯೋದು ಇನ್ನೊಂದು ದಾರಿ. ಸಾಮಾನು ಸರಿ ಇದ್ದು, ಅವಸರ ಇಲ್ಲದಿದ್ದರೆ ಅದು ಒಳ್ಳೇ ದಾರಿಯೇ. ಹುಡುಗ ಪ್ರಯತ್ನ ಮಾಡಿದ. ನಾನು ಅವನ ಹಿಂದೆ ನಿಂತು "ಬಣ್ಣ ಕೀಳದಂಗ ನೋಡ್ಕೋ" ಅಂದೆ.

ಹೌದು, ಅಂದೆ.

1:24. ಕಾರಿನ ಆ್ಯಪ್ ನೆನಪಾಯ್ತು. ಫೋನಿನಿಂದಲೇ ಬಾಗಿಲು ತೆರೆಯುವ ಸೌಲಭ್ಯ. ಆದರೆ ಉಚಿತ ಅವಧಿ ಮುಗಿದು ತಿಂಗಳುಗಳಾಗಿದ್ದವು, ನಾನು ರಿನ್ಯೂ ಮಾಡಿಸಿರಲಿಲ್ಲ. ಅಲ್ಲೇ ದುಡ್ಡು ಕಟ್ಟಲು ಹೊರಟೆ. ಪೇಜ್ ತಿರುಗುತ್ತಾ ನಿಂತಿತು. ಓಟಿಪಿ ಬಂತು, ಹಾಕುವಷ್ಟರಲ್ಲಿ ಅವಧಿ ಮೀರಿತು. ಮತ್ತೆ ಕಳಿಸು ಅಂತ ಒತ್ತಿದೆ. ಇಂಥದೇ ಪೇಜುಗಳನ್ನು ಕಟ್ಟಿ ಸಂಬಳ ತಗೊಳ್ಳೋ ಮನುಷ್ಯ ನಾನು.

ಇನ್ನೊಂದು ಪೇಜೂ ತೆರೆದಿತ್ತು. ಅದನ್ನು ಇಷ್ಟು ದಿನ ಹೇಳಿರಲಿಲ್ಲ. ಒಡೆಯಲೇಬೇಕಾದರೆ ಯಾವ ಗ್ಲಾಸ್ ಅಗ್ಗ, ದೊಡ್ಡದೋ ಹಿಂದಿನ ಸಣ್ಣದೋ ಅಂತ ಹುಡುಕುತ್ತಿದ್ದೆ.

ಒಳಗೆ ತಂಪಿದೆ, ಈಗಷ್ಟೇ ಎಸಿ ಆಫ್ ಮಾಡಿದ್ದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಕಲಬುರಗಿ ಜಿಲ್ಲೆಯ ಮೇ ತಿಂಗಳು ಅಂದ್ರೆ 42, 43 ಡಿಗ್ರಿ. ಸೇಡಂ, ವಾಡಿ, ಶಹಾಬಾದ್ ಕಡೆಯವರಿಗೆ ನಾನು ವಿವರಿಸೋದು ಬೇಕಿಲ್ಲ, ಕಾಲಿಟ್ಟ ನೆಲವೇ ಸುಣ್ಣದಕಲ್ಲು. ಆಮೇಲೆ ಓದಿದ್ದು ಇದು: 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣಾಂಶ ಅಳೆದು 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಕೆ, ಅದರಲ್ಲಿ ಶೇ. 80 ಭಾಗ ಮೊದಲ ಅರ್ಧ ತಾಸಿನಲ್ಲೇ. ಗ್ಲಾಸ್ ಒಂದಿಷ್ಟು ಇಳಿಸಿಟ್ಟರೂ ಹೆಚ್ಚೇನೂ ಫರಕ್ ಬೀಳಲಿಲ್ಲ. ಅವರು ಅಳೆದ ದಿನಗಳಲ್ಲಿ ಹೊರಗಿನ ಬಿಸಿ ಹೆಚ್ಚೆಂದರೆ 36 ಡಿಗ್ರಿ! ಇನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತೆ. ಎಸಿ ತಂಪು ನನಗೆ ಕೊಟ್ಟಿದ್ದು ಕೆಲವು ನಿಮಿಷ ಮಾತ್ರ. ಅದನ್ನು ನಾನು ಓಟಿಪಿಗೆ ಖರ್ಚು ಮಾಡ್ತಿದ್ದೆ.

ಅಳು ನಿಂತಿತು.

ನಾನು ಒಂದು ಕ್ಷಣ "ಹೋ, ಸಮಾಧಾನ ಆದಳು" ಅಂದುಕೊಂಡೆ. ಹೆಂಡತಿ ಕಿರುಚಿದಳು. "ಆಕಿ ಮಾರಿ ನೋಡ್ರೀ! ಒಡೀರಿ ಗ್ಲಾಸು!" ಚಿನ್ನಿಯ ಮುಖ ಕೆಂಪಗೆ, ಕೂದಲು ಹಣೆಗೆ ಅಂಟಿತ್ತು, ಕಣ್ಣು ಅರ್ಧ ಮುಚ್ಚಿದ್ದಳು.

ಅಂಗೈಯಲ್ಲಿ ಗುದ್ದಿದೆ. ಕಲ್ಲು ತಗೊಂಡು ಗ್ಲಾಸಿನ ನಡುವೆ ಹೊಡೆದೆ, ಕಲ್ಲು ಪುಟಿದು ಬಂತು. ಆಗ ಎದುರು ಮನೆಯ ಕಾಕಾ ಬಂದರು. ಪರ್ಸಿ ಖಣಿಯಲ್ಲಿ ಕಲ್ಲು ಸೀಳುವ ಕೆಲಸ ಮಾಡಿದವರು, ವಯಸ್ಸಾಗಿದೆ. ಇಷ್ಟು ಹೊತ್ತು ಕಟ್ಟೆ ಮೇಲೆ ಕೂತು ನೋಡುತ್ತಿದ್ದವರು ಎದ್ದು ಒಳಗೆ ಹೋಗಿ ಚಾಣ, ಸುತ್ತಿಗೆ ಹಿಡ್ಕೊಂಡು ಬಂದಿದ್ದರು.

"ಸರಿ ತಮ್ಮಾ, ಫೋನಿನ್ಯಾಗ ಏನ್ ನೋಡ್ಲಾಕತ್ತೀ."

ಮಗು ಹಿಂದೆ ಎಡಗಡೆ ಇದ್ದಳು. ಅವರು ಡ್ರೈವರ್ ಕಡೆಯ ಮುಂದಿನ ಬಾಗಿಲಿಗೆ ಹೋದರು, ಮಗುವಿನಿಂದ ದೂರದ್ದು. ಹೆಗಲ ಮೇಲಿನ ಟವಲ್ ಕೈಗೆ ಸುತ್ತಿಕೊಂಡು, ಗ್ಲಾಸಿನ ಕೆಳಮೂಲೆಗೆ ಚಾಣದ ಮೊನೆ ಇಟ್ಟು ಒಂದೇ ಏಟು. ಇಡೀ ಗ್ಲಾಸ್ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಸುರಿಯಿತು. ಪಕ್ಕದ ಗ್ಲಾಸುಗಳು ಹಾಗೇ ಇರುತ್ತವೆ, ಕಾಯಿಸಿ ತಟ್ಟನೆ ತಣಿಸಿ ಮಾಡಿದ್ದು. ನಡುವೆ ಗಟ್ಟಿ, ಅಂಚು ಮೂಲೆಯಲ್ಲಿ ನಾಜೂಕು. ಚೂಪಾದ ಗಟ್ಟಿ ಮೊನೆ ಬೇಕು, ಬಲ ಬೇಡ. ಮುಂದಿನ ದೊಡ್ಡ ಗ್ಲಾಸನ್ನು ಮಾತ್ರ ಮುಟ್ಟಬಾರದು, ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತೆ, ಬಿರುಕು ಬಿಟ್ಟರೂ ತೂತು ಬೀಳಲ್ಲ.

ಕಾಕಾ ಕೈ ಹಾಕಿ ಬಾಗಿಲು ತೆಗೆದರು, ಅನ್‌ಲಾಕ್ ಬಟನ್ ನಾನು ಒತ್ತಿದೆ. 1:33. ಇಪ್ಪತ್ತೊಂದು ನಿಮಿಷ.

ಅತ್ತೆ ಚಿನ್ನಿಯನ್ನು ನೆರಳಿಗೆ ಒಯ್ದು ಬಟ್ಟೆ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಹಿಡಿದರು. ಸ್ವಲ್ಪ ಸ್ವಲ್ಪ ನೀರು ಕುಡಿಸಿದರು. ಊರಿನ ಆಸ್ಪತ್ರೆಗೆ ಓಡಿದೆವು. ಅಷ್ಟರಲ್ಲಿ ಅವಳಿಗೆ ಮತ್ತೆ ಅಳು ಬಂದಿತ್ತು, ಅಂಥ ಚೆಂದದ ಅಳು ನಾನು ಕೇಳಿಲ್ಲ. ಡಾಕ್ಟರ್ ಜ್ವರ ನೋಡಿ, ಸಂಜೆವರೆಗೆ ಇಟ್ಟುಕೊಂಡು ಕಳಿಸಿದರು. 112ಕ್ಕೆ ಕಾಲ್ ಮಾಡಿದ್ರಾ ಅಂತ ಕೇಳಿದರು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರು, ನನಗೆ ಗೊತ್ತಿತ್ತು. ಆದರೂ ಮೊದಲು ನೆನಪಾದದ್ದು ಕಂಪನಿಯ ಸಹಾಯವಾಣಿ.

ಹೊಸ ಗ್ಲಾಸಿಗೆ ಕೂಲಿ ಸೇರಿ ಮೂರು ಸಾವಿರದ ಎಂಟುನೂರು ರೂಪಾಯಿ ಆಯ್ತು. ಅದಕ್ಕಿಂತ ದುಬಾರಿ ಶೂ ನನ್ನ ಹತ್ತಿರ ಎರಡು ಜೊತೆ ಇವೆ.

ಚಾವಿ ಒಳಗೆ ಬಿಟ್ಟು ಬರೀ ಕಾರು ಲಾಕ್ ಆಗಿದ್ದರೆ ಸಹಾಯವಾಣಿ, ಸ್ಕೇಲ್, ಆ್ಯಪ್ ಎಲ್ಲ ಸರಿ. ನೆರಳಲ್ಲಿ ಕೂತು ಚಹಾ ಕುಡೀರಿ, ಗಾಡಿ ಬರುತ್ತೆ. ಒಳಗೆ ಮಗುವೋ ವಯಸ್ಸಾದವರೋ ಇದ್ದರೆ ಒಬ್ಬರು 112ಕ್ಕೆ ಕಾಲ್ ಮಾಡಲಿ, ಇನ್ನೊಬ್ಬರು ಗ್ಲಾಸ್ ಒಡೆಯಲಿ. ಅಳು ನಿಲ್ಲೋವರೆಗೆ ಕಾಯಬೇಡಿ.

ಕಾಕಾನಿಗೆ ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. "ನಾ ಮೊದಲೇ ಏಳಬೇಕಿತ್ತು ತಮ್ಮಾ. ನೀವು ಕಲ್ತವರು, ಏನೋ ಮಾಡ್ಲಾಕತ್ತೀರಿ ಅಂತ ಸುಮ್ ಕುಂತೆ" ಅಂದರು.

ಸೀಟಿನ ಸಂದಿಯಲ್ಲಿ ಗ್ಲಾಸಿನ ಚೂರು ಈಗಲೂ ಸಿಗುತ್ತವೆ. ಚಿನ್ನಿಗೆ ಈಗ ಆಟಕ್ಕೆ ಸೆಲ್ ತೆಗೆದ ಹಳೇ ಟಿವಿ ರಿಮೋಟ್ ಕೊಟ್ಟಿದ್ದೇವೆ, ಅದು ಅವಳಿಗೆ ಸೇರಲ್ಲ. ಎರಡನೇ ಚಾವಿ ಹೆಂಡತಿಯ ಪರ್ಸಿನಲ್ಲಿರುತ್ತೆ. ನನ್ನ ಕೈಗೆ ಕೊಡಲ್ಲ.