ಕೈಗೆ ಕೆಲಸ, ಮನಸ್ಸಿಗೆ ನೆಮ್ಮದಿ

ದುಡಿದು ಉಣ್ಣಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಮಳೆ ಕೈಕೊಟ್ಟ ವರ್ಷ ನಮ್ಮ ಜತ್ತ ತಾಲೂಕಿನಲ್ಲಿ ದುಡಿಯುವ ಮನಸ್ಸಿದ್ದರೂ ಕೆಲಸವೆಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ವಿ. ಸ. ಪಾಗೆಯವರು. ಕೇಳಿದವರಿಗೆ ಕೆಲಸ ಕೊಡುವ ಪ್ರಯೋಗವನ್ನು ನಮ್ಮ ಸಾಂಗಲಿ ಜಿಲ್ಲೆಯ ವಿಸಾಪುರದಲ್ಲಿ ಆರಂಭಿಸಿದರು. 1972ರ ಭೀಕರ ಬರದಲ್ಲಿ ಲಕ್ಷಾಂತರ ಜನ ಖಡಿ ಒಡೆದು, ಒಡ್ಡು ಹಾಕಿ ಜೀವ ಹಿಡಿದರು. 1977ರಲ್ಲಿ ಮಹಾರಾಷ್ಟ್ರವು ರೋಜಗಾರ ಹಮಿ ಕಾಯ್ದೆ ಮಾಡಿತು. 1979ರಲ್ಲಿ ಅದು ಜಾರಿಗೆ ಬಂದಿತು. 2005ರಲ್ಲಿ ಕೇಂದ್ರ ಸರಕಾರವೂ ದೇಶದ ಹಳ್ಳಿಗಳಿಗೆ ಇಂಥದೇ ಕಾಯ್ದೆ ತಂದಿತು.

ಇದರಿಂದ ಹೊಟ್ಟೆಯಷ್ಟೇ ತುಂಬಲಿಲ್ಲ. ಸಾಲಕ್ಕಾಗಿ ಕೈಚಾಚದೆ, ಊರು ಬಿಡದೆ, ತಲೆ ಎತ್ತಿ ಬಾಳುವ ಧೈರ್ಯ ಬಂದಿತು. ಹೆಣ್ಣುಮಕ್ಕಳ ಕೈಗೂ ಸ್ವಂತ ಗಳಿಕೆ ಸೇರಿತು.

ಆದರೆ ಪಗಾರ ತಡವಾದರೆ ಅದೇ ಕೆಲಸ ಚಿಂತೆಗೆ ಮೂಲವಾಗುತ್ತದೆ. ದುಡಿದವರಿಗೆ ಕೂಲಿ ಹೊತ್ತಿಗೆ ಸರಿಯಾಗಿ ಸಿಗಬೇಕು. ಮುದುಕರಿಗೆ, ರೋಗಿಗಳಿಗೆ ದುಡಿತದ ಷರತ್ತಿಲ್ಲದೆ ಅನ್ನ ಸಿಗಬೇಕು. ಕೆಲಸ ಉಪಕಾರವಲ್ಲ, ಹಕ್ಕು ಎಂಬುದೇ ನಮ್ಮ ಅಭಿಪ್ರಾಯ.

ವಿದ್ಯಾರ್ಥಿ ಮಿತ್ರರೇ, ತಾಯಿ-ತಂದೆ ಕಾಮಗಾರಿಗೆ ಹೋಗುತ್ತಾರೆಂದು ನಾಚಬೇಡಿ. ಅವರು ಹಾಕಿದ ಒಡ್ಡಿನಲ್ಲೇ ನಮ್ಮೂರ ನೀರು ನಿಲ್ಲುತ್ತದೆ.