ಅನ್ಯನಕ್ಷತ್ರದ ಅತಿಥಿ

ಧೂಮಕೇತುವಿನ ಬಾಲವು ಸೂರ್ಯನಿಗೆ ವಿಮುಖವಾಗಿರುವುದು ವಾಡಿಕೆ. 2025ರ ಜುಲೈ 1ರಂದು ಚಿಲಿ ದೇಶದ ದೂರದರ್ಶಕಕ್ಕೆ ಗೋಚರಿಸಿದ ‘ಅಟ್ಲಾಸ್’ ಎಂಬುದಾದರೋ ಸೂರ್ಯಾಭಿಮುಖವಾಗಿಯೇ ಧೂಳನ್ನು ಉಗುಳಿತು! ಅನ್ಯನಕ್ಷತ್ರಲೋಕದಿಂದ ಬಂದು ನಮ್ಮ ಕಣ್ಣಿಗೆ ಬಿದ್ದ ಮೂರನೆಯ ಅತಿಥಿಯಿದು. ಇದಕ್ಕೆ ಶಾಂತಿ ಮಾಡಿಸಬೇಕೆ ಎಂದು ಮಾಗಡಿ, ಕನಕಪುರಗಳ ಗೃಹಸ್ಥರು ಕೆಲವರು ನಮ್ಮನ್ನು ಕೇಳಿದುದುಂಟು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕೇತುಚಾರವನ್ನು ಬರೆದಿರುವನು, ನಿಜ, ಅವನಿಗೆ ದೂರದರ್ಶಕವಿರಲಿಲ್ಲ. ಬಿಸಿಲು ತಗಲಿದ ಮಗ್ಗುಲಿನ ಹಿಮವು ಆವಿಯಾಗಿ ಧೂಳನ್ನು ಮುಂದಕ್ಕೆ ಚಿಮ್ಮುವುದು. ದಪ್ಪ ಕಣಗಳನ್ನು ಬೆಳಕು ಬೇಗನೆ ಹಿಂದಕ್ಕೆ ನೂಕಲಾರದು ಎಂದು ಬಲ್ಲವರು ಹೇಳುವರು.

ಹಿಂದಿನ ಅತಿಥಿಯಾದ ‘ಬೋರಿಸೋವ್’ 2019ರಲ್ಲಿ ಬಂದಾಗ ಲಡಾಖಿನ ಹಾನ್ಲೆಯ ದೂರದರ್ಶಕದಿಂದ ನಮ್ಮ ದೇಶದವರೇ ಅದನ್ನು ಪರೀಕ್ಷಿಸಿದರು. ಆ ಯಂತ್ರವನ್ನು ನಡೆಯಿಸುವುದೆಲ್ಲಿಂದ? ಬೆಂಗಳೂರಿನಾಚೆಯ ನಮ್ಮ ಹೊಸಕೋಟೆಯಿಂದ! ಅಟ್ಲಾಸಾದರೋ 2025ರ ಡಿಸೆಂಬರ್ 19ರಂದು ಭೂಮಿಗೆ ಅತಿ ಸಮೀಪಿಸಿದಾಗಲೂ ಸುಮಾರು 27 ಕೋಟಿ ಕಿಲೋಮೀಟರು ದೂರದಲ್ಲಿಯೇ ಹಾದುಹೋಯಿತು, ಮರಳಿ ಬಾರದು.