ಚೀಟಿ ಬರೆದಾಯಿತು, ಚಿಕಿತ್ಸೆ ಎಲ್ಲಿ? ಮಕ್ಕಳ ಆರೋಗ್ಯ ಸೇವೆ ಕುರಿತು ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು.

ಇವರಿಂದ: ಕಲ್ಯಾಣ ಕರ್ನಾಟಕದ ಗಡಿ ತಾಲ್ಲೂಕೊಂದರ ಪೋಷಕರು, ಅಂಗನವಾಡಿ ಬಾಲವಿಕಾಸ ಸಮಿತಿಗಳ ಸದಸ್ಯರು, ಆಶಾ ಕಾರ್ಯಕರ್ತೆಯರು ಹಾಗೂ ನಿವೃತ್ತ ಶಿಕ್ಷಕರು.

ವಿಷಯ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ರೆಫರಲ್ ಚೀಟಿ ಪಡೆದ ಮಕ್ಕಳಿಗೆ ಚಿಕಿತ್ಸೆ ಸಿಗದಿರುವುದು, ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲದಿರುವುದು ಹಾಗೂ ಇತರ ಬೇಡಿಕೆಗಳ ಬಗ್ಗೆ.

ಉಲ್ಲೇಖ: ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಅಧಿಕಾರಿಗಳಿಗೆ ಈ ಹಿಂದೆ ಸಲ್ಲಿಸಿದ ಮನವಿಗಳು. ಸ್ವೀಕೃತಿ ಮೊಹರು ಇರುವ ಪ್ರತಿಗಳನ್ನು ಲಗತ್ತಿಸಿದೆ. ಯಾವುದಕ್ಕೂ ಲಿಖಿತ ಉತ್ತರ ಬಂದಿಲ್ಲ.

ಮಾನ್ಯರೇ,

ಲಗತ್ತಿಸಿದ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಒಂದು ರೆಫರಲ್ ಚೀಟಿಯ ಜೆರಾಕ್ಸ್. ಮಡಿಚಿ ಮಡಿಚಿ ನಡುವೆ ಹರಿದ ಚೀಟಿಗೆ ತಾಯಿ ಸೆಲ್ಲೋಟೇಪ್ ಅಂಟಿಸಿದ್ದಾಳೆ. ಜೆರಾಕ್ಸ್‌ನಲ್ಲಿ ಅದು ಕಪ್ಪು ಪಟ್ಟಿಯಾಗಿ ಬಿದ್ದಿದೆ. ಅಂಗನವಾಡಿಗೆ ಬಂದ ಸಂಚಾರಿ ಆರೋಗ್ಯ ತಂಡ ಮಗುವನ್ನು ನೋಡಿ, ಕಿವಿ ಕೇಳಿಸುತ್ತಿಲ್ಲವೆಂಬ ಶಂಕೆ ಬರೆದು, ಎಲ್ಲರೂ ಡಿಇಐಸಿ ಎಂದು ಕರೆಯುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಲು ಸೂಚಿಸಿದೆ. ಸಹಿ ಇದೆ, ಮೊಹರೂ ಇದೆ. ಅಂದು ಆ ಹುಡುಗಿಗೆ ಎರಡು ವರ್ಷ ತುಂಬಿರಲಿಲ್ಲ. ಚೀಟಿಯ ಕೆಳಗೆ ಆಸ್ಪತ್ರೆಯವರು ತುಂಬಬೇಕಾದ ಜಾಗ ಮಾತ್ರ ಇಂದಿಗೂ ಖಾಲಿ. ಅಲ್ಲಿರುವುದು ಯಾರದೋ ಪೆನ್ಸಿಲ್ ಬರಹ: ಮುಂದಿನ ವಾರ ಬರಲು ತಿಳಿಸಿದೆ. ಯಾವ ವಾರ ಎಂಬುದಿಲ್ಲ, ಬರೆದವರ ಹೆಸರಿಲ್ಲ. ಹುಡುಗಿಗೆ ಈಗ ಐದು ತುಂಬುತ್ತಾ ಬಂದಿದೆ.

ಐದು ವರ್ಷಕ್ಕೆ ಇಲ್ಲಿ ಬೇರೆಯೇ ತೂಕವಿದೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲು ಕೇಂದ್ರ ಸರ್ಕಾರದ, ಅಂಗವಿಕಲರಿಗೆ ಸಾಧನ ಒದಗಿಸುವ ಎಡಿಐಪಿ ಯೋಜನೆ ಹಾಕಿರುವ ವಯೋಮಿತಿ ಒಂದರಿಂದ ಐದು ವರ್ಷ. ವೈದ್ಯರು ಹೇಳುವ ಗಡುವು ಇನ್ನೂ ಬಿಗಿ: ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ಮಾತಿನ ತರಬೇತಿ ಶುರು. ಮೆದುಳು ಮಾತನ್ನು ಹಿಡಿದಿಟ್ಟುಕೊಳ್ಳುವ ಕಾಲವೇ ಅದು. ಆ ಕಾಲ ದಾಟಿದ ಮೇಲೆ ಯಂತ್ರ ಕೊಟ್ಟರೂ ಸದ್ದು ಕೇಳಿಸೀತು, ಮಾತು ತಾನಾಗಿ ಬರುವುದಿಲ್ಲ. ಇದೆಲ್ಲ ಅಧಿಕಾರಿಗಳಿಗೆ ಗೊತ್ತಿಲ್ಲದ ಸಂಗತಿ ಅಲ್ಲ. ಗೊತ್ತಿದ್ದೂ ಒಂದು ಮಗುವಿನ ಮೂರು ವರ್ಷ ಹೋಯಿತು ಎಂಬುದೇ ಮನವಿದಾರರ ಸಂಕಟ.

ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದಾಗ, ಡಿಇಐಸಿ ಕೇಂದ್ರದಲ್ಲಿ ಶ್ರವಣ ಮತ್ತು ವಾಕ್ ತಜ್ಞರ ಹುದ್ದೆ ಖಾಲಿ ಇದ್ದು ನೇಮಕಾತಿ ಪ್ರಕ್ರಿಯೆ ಪ್ರಗತಿಯಲ್ಲಿದೆ ಎಂಬ ಉತ್ತರ ಬಂತು. ಮರುವರ್ಷ ಕೇಳಿದಾಗ ಬಂದ ಉತ್ತರದಲ್ಲೂ ಅದೇ ವಾಕ್ಯ, ತಾರೀಖು ಮಾತ್ರ ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಲಗತ್ತಿಸಿದೆ. ಜೊತೆಗೆ ಕೇಂದ್ರದ ಬೀಗ ಹಾಕಿದ ಕೊಠಡಿಯ ಫೋಟೊ, ಹುಡುಗಿಯ ತಂದೆ ಜೋಪಾನವಾಗಿಟ್ಟ ಬಸ್ ಟಿಕೆಟ್‌ಗಳು, ಆಸ್ಪತ್ರೆಯ ಹೊರರೋಗಿ ಚೀಟಿಗಳು, ಆಶಾ ಕಾರ್ಯಕರ್ತೆಯ ಡೈರಿಯ ಪುಟಗಳು ಇವೆ. ಟಿಕೆಟ್‌ಗಳನ್ನೂ ಯಾಕೆ ಸೇರಿಸಿದರು ಎಂದು ಆಯೋಗ ಕೇಳಬಹುದು. ಪೋಷಕರು ಮಗುವನ್ನು ಕರೆತರಲೇ ಇಲ್ಲ ಎಂದು ಹಿಂದಿನ ಸಭೆಯೊಂದರಲ್ಲಿ ಹೇಳಲಾಯಿತು. ಆ ಮಾತಿಗೆ ಉತ್ತರವಾಗಿ ಸೇರಿಸಿದ್ದು.

ಈ ಹುಡುಗಿಯೊಬ್ಬಳದೇ ಕತೆಯಾಗಿದ್ದರೆ ಮನವಿದಾರರು ಆಯೋಗದವರೆಗೆ ಬರುತ್ತಿರಲಿಲ್ಲ. ಎರಡನೇ ಚೀಟಿ ಪಾದ ಒಳಕ್ಕೆ ತಿರುಗಿಕೊಂಡು ಹುಟ್ಟಿದ ಗಂಡುಮಗುವಿನದು. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಹೋದರೆ ಕೆಲವೇ ವಾರಗಳಲ್ಲಿ ಪಾದ ನೇರಕ್ಕೆ ಬರುತ್ತದೆ. ಆಮೇಲೆ ವರ್ಷಗಟ್ಟಲೆ ರಾತ್ರಿ ಹೊತ್ತು ವಿಶೇಷ ಬೂಟು ಹಾಕಿಸಬೇಕು. ದೊಡ್ಡ ಶಸ್ತ್ರಚಿಕಿತ್ಸೆಯಾಗಲೀ ದೊಡ್ಡ ಖರ್ಚಾಗಲೀ ಇಲ್ಲದ ಚಿಕಿತ್ಸೆ. ಈ ಮಗುವಿಗೆ ಪ್ಲಾಸ್ಟರ್ ಶುರುವಾಯಿತು, ಪಾದ ತಿರುಗತೊಡಗಿತು, ಅಷ್ಟರಲ್ಲಿ ಪ್ಲಾಸ್ಟರ್ ಹಾಕುವ ವೈದ್ಯರನ್ನು ಬೇರೆಡೆ ನಿಯೋಜಿಸಲಾಯಿತು. ಬದಲಿ ಯಾರೂ ಬರಲಿಲ್ಲ. ಪಾದ ಮತ್ತೆ ಹಳೆಯ ಸ್ಥಿತಿಗೆ ಹೋಗಿದೆ.

ಮೂರನೆಯದು ಹೃದಯದಲ್ಲಿ ರಂಧ್ರ ಇರುವ ಹುಡುಗನದು. ಅಂಗನವಾಡಿಯಲ್ಲಿದ್ದಾಗ ತಂಡ ಅದನ್ನು ಪತ್ತೆ ಮಾಡಿ ಚೀಟಿ ಕೊಟ್ಟಿತ್ತು. ಒಂದನೇ ತರಗತಿಗೆ ಸೇರಿದ ಮೇಲೆ ಶಾಲೆಗೆ ಬಂದ ತಂಡ, ಮೊದಲ ಬಾರಿ ಕಂಡಂತೆ ಮತ್ತೊಂದು ಹೊಸ ಚೀಟಿ ಬರೆಯಿತು. ಹಳೆಯ ಚೀಟಿ ಏನಾಯಿತೆಂದು ಯಾರೂ ಕೇಳಲಿಲ್ಲ, ಕೇಳಲು ಅವರ ಕೈಯಲ್ಲಿ ಹಳೆಯ ದಾಖಲೆಯೂ ಇರಲಿಲ್ಲ. ಒಂದೇ ಹೃದಯಕ್ಕೆ ಎರಡು ಚೀಟಿ. ಚಿಕಿತ್ಸೆ ಒಂದೂ ಇಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿಯನ್ನು ಆಯೋಗಕ್ಕೆ ಓದಿ ಹೇಳುವ ಅಗತ್ಯವಿಲ್ಲ. 2013ರ ಫೆಬ್ರುವರಿಯಲ್ಲಿ ಶುರುವಾದಾಗಿನಿಂದ ಅದರ ಗುರಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು. ನೋಡುವುದು ಜನ್ಮದೋಷ, ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬ. ಪ್ರತಿ ತಂಡಕ್ಕೆ ಇಬ್ಬರು ಆಯುಷ್ ವೈದ್ಯರು, ಒಬ್ಬರು ನರ್ಸ್, ಒಬ್ಬರು ಫಾರ್ಮಸಿಸ್ಟ್. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಭೇಟಿ. ಈ ಭೇಟಿಗಳು ಈ ತಾಲ್ಲೂಕಿನಲ್ಲಿ ಬಹುಪಾಲು ನಡೆಯುತ್ತಿವೆ, ಮತ್ತು ಸಂಚಾರಿ ತಂಡದವರ ಬಗ್ಗೆ ಮನವಿದಾರರಿಗೆ ದೂರಿಲ್ಲ. ಕೆಟ್ಟ ರಸ್ತೆಯಲ್ಲಿ ತಾಂಡಾಗಳವರೆಗೂ ಬಂದು ಮಕ್ಕಳನ್ನು ನೋಡಿದವರು ಅವರೇ. ಅವರು ಬರೆದ ಚೀಟಿಗೆ ಜಿಲ್ಲಾ ಕೇಂದ್ರದಲ್ಲಿ ಬೆಲೆ ಇಲ್ಲದಂತಾಗಿದೆ. ಎಷ್ಟು ಮಕ್ಕಳನ್ನು ತಪಾಸಣೆ ಮಾಡಿದೆವು ಎಂಬ ಲೆಕ್ಕ ಪ್ರತಿ ತಿಂಗಳು ಮೇಲಕ್ಕೆ ಹೋಗುತ್ತದೆ. ಎಷ್ಟು ಮಕ್ಕಳು ಗುಣವಾದರು ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಇದಕ್ಕೆ ಮೂಲ ಕಾರಣ ಮೂರು ಇಲಾಖೆಗಳ ಮೂರು ಪುಸ್ತಕಗಳು. ಅಂಗನವಾಡಿ ಕಾರ್ಯಕರ್ತೆ ಮಗುವಿನ ತೂಕ, ಎತ್ತರವನ್ನು ಪೋಷಣ್ ಟ್ರ್ಯಾಕರ್‌ಗೆ ಹಾಕುತ್ತಾರೆ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಲಸಿಕೆಯ ವಿವರ ಆರೋಗ್ಯ ಇಲಾಖೆಯ ಪ್ರತ್ಯೇಕ ಪೋರ್ಟಲ್‌ನಲ್ಲಿ. ಶಾಲೆಗೆ ಸೇರಿದೊಡನೆ ಅದೇ ಮಗು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಹೊಸ ಸಂಖ್ಯೆ ಪಡೆಯುತ್ತದೆ. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ಹೃದಯದಲ್ಲಿ ರಂಧ್ರ ಇರುವ ಹುಡುಗನ ಹೆಸರು ರೇಷನ್ ಕಾರ್ಡಿಗೆ ಇನ್ನೂ ಸೇರಿಲ್ಲ. ಹೆಸರು ಸೇರಿಸಲು ಹೋದರೆ ಸರ್ವರ್ ಇಲ್ಲ. ಆಸ್ಪತ್ರೆಗೆ ಹೋದರೆ ಹೆಸರು ಸೇರಿಸಿಕೊಂಡು ಬನ್ನಿ. ಕೂಲಿ ಬಿಟ್ಟು ಕಚೇರಿ ಕಚೇರಿ ಅಲೆದ ತಂದೆ ಕೊನೆಗೆ ಸಾಲ ಮಾಡಿ ಖಾಸಗಿ ಸ್ಕ್ಯಾನ್ ಮಾಡಿಸಿದರು. ಸರ್ಕಾರಿ ತಂಡದ ವೈದ್ಯರೇ ಸಹಿ ಮಾಡಿ ಕಳಿಸಿದ ಮಗುವಿನ ಗುರುತನ್ನು ಸರ್ಕಾರವೇ ನಂಬದಿದ್ದರೆ ಇನ್ಯಾರು ನಂಬಬೇಕು?

ಗುಳೆ ಹೋಗುವ ಕುಟುಂಬಗಳ ಪಾಡು ಇನ್ನೂ ಕೆಟ್ಟದು. ಸುಗ್ಗಿ ಮುಗಿದು ಬೆಂಗಳೂರಿಗೋ ಪುಣೆಗೋ ಹೊರಟವರ ಮಕ್ಕಳು ಊರಿನ ಅಂಗನವಾಡಿಯಲ್ಲಿ ಗೈರು, ಹೋದ ಊರಿನ ಅಂಗನವಾಡಿಯಲ್ಲಿ ಹೆಸರೇ ಇಲ್ಲ. ತಂಡ ಬಂದ ದಿನ ಊರಲ್ಲಿಲ್ಲದ ಮಗು ಇಡೀ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ನ್ಯಾಯದ ಮಾತಿಗೆ ಬಂದರೆ, ಕಲ್ಯಾಣ ಕರ್ನಾಟಕದ ಜನ ಹೊಸದೇನೂ ಕೇಳುತ್ತಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಸರ್ಕಾರ ಮೊದಲು ಆರಂಭಿಸಿದ್ದು ಕಲಬುರಗಿ ವಿಭಾಗದಲ್ಲೇ. ಹಳ್ಳಿಗಳಲ್ಲಿ ಶಿಬಿರ ನಡೆಸಿ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಜೋಡಿಸಿ, ಅಲ್ಲಿ ಕೈಹಿಡಿದು ನಡೆಸಲು ಆರೋಗ್ಯಮಿತ್ರರನ್ನು ನೇಮಿಸಿತ್ತು. ಆಗ ಆದದ್ದು ಈಗ ಮಕ್ಕಳಿಗೆ ಯಾಕೆ ಆಗುವುದಿಲ್ಲ? ಶ್ರವಣದೋಷಕ್ಕೆ ದೇಶವೇ ನೋಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ರಾಜ್ಯದ ಮೈಸೂರಿನಲ್ಲಿದೆ. ಆದರೆ ಇಲ್ಲಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಕೂಲಿಯ ಕುಟುಂಬಕ್ಕೆ ತಿಂಗಳ ದುಡಿಮೆ ಕೈಬಿಟ್ಟಂತೆ.

ಕೊರತೆ ರೆಫರಲ್ ಚೀಟಿಗಳಿಗಷ್ಟೇ ನಿಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ. 65.5ರಷ್ಟು ರಕ್ತಹೀನತೆ ಇರುವವರು. ಹಿಂದಿನ ಸುತ್ತಿನಲ್ಲಿ ರಕ್ತಹೀನತೆಯ ಪ್ರಮಾಣ ಇದಕ್ಕಿಂತ ಕಡಿಮೆ ಇತ್ತು. ಹೀಗಿದ್ದರೂ ವಾರಕ್ಕೆ ಎರಡು ಸಲ ಕೊಡಬೇಕಾದ ಕಬ್ಬಿಣಾಂಶದ ಸಿರಪ್ ಎಷ್ಟೋ ತಿಂಗಳು ಬರುವುದೇ ಇಲ್ಲ. ಜಂತುಹುಳು ಮಾತ್ರೆ ಬಂದ ದಿನ ಅಂಗನವಾಡಿಯಲ್ಲಿ ಕುಡಿಯುವ ನೀರಿರುವುದಿಲ್ಲ. ಕ್ಷೀರಭಾಗ್ಯದ ಹಾಲಿನ ಪುಡಿ ತಡವಾಗಿ ಬರುತ್ತದೆ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಮಗುವಿನ ಜೊತೆ ಇರುವ ತಾಯಿಗೆ ಸಿಗಬೇಕಾದ ಕೂಲಿ ಪರಿಹಾರ, ಆಕೆ ಊರಿಗೆ ಬಂದು ಹಬ್ಬ ಕಳೆದ ಮೇಲೂ ಜಮೆಯಾಗುವುದಿಲ್ಲ. ಗ್ರಾಮ ಆರೋಗ್ಯ ದಿನದಂದು ತೂಕದ ಯಂತ್ರ ಕೆಟ್ಟಿರುತ್ತದೆ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನ ಫ್ಯಾನು, ಶೌಚಾಲಯದ ಬಾಗಿಲು, ಹಾಲುಣಿಸುವ ತಾಯಂದಿರಿಗೆ ಪರದೆ, ಕನ್ನಡದಲ್ಲಿ ಸೂಚನಾ ಫಲಕ, ಇವೂ ಆಗಬೇಕು.

ಮನವಿದಾರರ ಬೇಡಿಕೆಯಲ್ಲಿ ಮೊದಲನೆಯದಕ್ಕೆ ಕಾಯುವ ಸಮಯವಿಲ್ಲ. ಕಿವಿ ಕೇಳದ ಹುಡುಗಿಗೆ ಐದು ತುಂಬುವ ಮೊದಲೇ ಶ್ರವಣ ಪರೀಕ್ಷೆ ಮಾಡಿಸಿ, ಇಂಪ್ಲಾಂಟ್ ಅರ್ಜಿ ಸಲ್ಲಿಸಬೇಕು. ವಯೋಮಿತಿ ಮೀರಿದರೆ ಆ ತಪ್ಪು ಇಲಾಖೆಯದೆಂದು ದಾಖಲಿಸಿ, ರಾಜ್ಯದ ಖರ್ಚಿನಲ್ಲೇ ಚಿಕಿತ್ಸೆ ಕೊಡಿಸಬೇಕು. ತಾಲ್ಲೂಕಿನಲ್ಲಿ ಇದುವರೆಗೆ ಬರೆದ ಎಲ್ಲ ರೆಫರಲ್ ಚೀಟಿಗಳ ಪಟ್ಟಿ ಮಾಡಿ, ಪ್ರತಿ ಮಗು ಈಗ ಯಾವ ಹಂತದಲ್ಲಿದೆ ಎಂಬುದನ್ನು 30 ದಿನದೊಳಗೆ ಬರೆದು ಕೊಡಬೇಕು. ಇನ್ನು ಮುಂದೆ ಚೀಟಿ ಬರೆಯುವ ದಿನವೇ ಹೋಗಬೇಕಾದ ತಾರೀಖು, ನೋಡುವ ವೈದ್ಯರು ಮತ್ತು ಹೊಣೆಗಾರ ಅಧಿಕಾರಿಯ ಹೆಸರು ಅದರಲ್ಲಿ ಇರಲಿ. ಮಗು ಮತ್ತು ಒಬ್ಬ ಪೋಷಕರ ಬಸ್ ಖರ್ಚು ಅಂದೇ ಕೈಗೆ ಸಿಗಲಿ. ಸಂಚಾರಿ ತಂಡ ಸಹಿ ಮಾಡಿದ ಮಗುವಿಗೆ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲವೆಂದು ಚಿಕಿತ್ಸೆ ನಿರಾಕರಿಸಬಾರದು. ಮೂರು ಇಲಾಖೆಗಳ ತಾಲ್ಲೂಕು ಅಧಿಕಾರಿಗಳು ತಿಂಗಳಿಗೊಮ್ಮೆ ಒಂದೇ ಮೇಜಿನ ಮುಂದೆ ಕೂತು, ಒಂದೇ ಪಟ್ಟಿ ನೋಡಬೇಕು. ಆ ಸಭೆಗೆ ಪೋಷಕರ ಇಬ್ಬರು ಪ್ರತಿನಿಧಿಗಳನ್ನು ಕರೆಯಬೇಕು. ಗುಳೆ ಹೋಗುವ ಮಗುವಿನ ಕಾರ್ಡು ಯಾವ ಜಿಲ್ಲೆಯಲ್ಲಿ ತೋರಿಸಿದರೂ ನಡೆಯಬೇಕು.

ಖಾಲಿ ಹುದ್ದೆಗಳನ್ನು ತುಂಬುವಾಗ ಈ ತಾಲ್ಲೂಕಿನಲ್ಲೇ ಇರುವ ಅರ್ಹರಿಗೆ ಆದ್ಯತೆ ಕೊಟ್ಟರೆ ಅವರು ವರ್ಗಾವಣೆ ಕೇಳಿ ಓಡುವುದಿಲ್ಲ. ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ ತಿಂಗಳ ಮೊದಲ ವಾರದಲ್ಲಿ ಬರಬೇಕು. ಹೊಸ ಉಪಕೇಂದ್ರವನ್ನು ತಾಂಡಾದ ಪಕ್ಕ, ನಿವೃತ್ತ ಶಿಕ್ಷಕರೊಬ್ಬರು ದಾನವಾಗಿ ಕೊಡಲು ಒಪ್ಪಿರುವ ಜಾಗದಲ್ಲೇ ಕಟ್ಟಿ, ಅಲ್ಲಿವರೆಗಿನ ಹೊಲದ ದಾರಿಗೆ ಡಾಂಬರು ಹಾಕಿಸಬೇಕು.

ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ 2005ರ ಕಾಯ್ದೆ ವಿಚಾರಣೆಯ ವೇಳೆ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ. ಅಧಿಕಾರಿಗಳನ್ನು ಕರೆಸಬಹುದು, ದಾಖಲೆ ತರಿಸಬಹುದು, ಪ್ರಮಾಣದ ಮೇಲೆ ಹೇಳಿಕೆ ಪಡೆಯಬಹುದು. ಈ ಅಧಿಕಾರ ಬಳಸಿ ಬೆಂಗಳೂರಿನಲ್ಲಲ್ಲ, ಈ ತಾಲ್ಲೂಕು ಕೇಂದ್ರದಲ್ಲೇ ವಿಚಾರಣೆ ನಡೆಸಬೇಕೆಂದು ಮನವಿದಾರರು ಕೋರುತ್ತಾರೆ. ಸಂತೆಯ ದಿನವಾದ ಸೋಮವಾರ ಬಿಟ್ಟು ಬೇರೆ ಯಾವ ದಿನ ಗೊತ್ತು ಮಾಡಿದರೂ ಪೋಷಕರು ಮಕ್ಕಳನ್ನೂ ಮೂಲ ಚೀಟಿಗಳನ್ನೂ ತಂದು ಹಾಜರಾಗುತ್ತಾರೆ. ಆಯೋಗದ ಉತ್ತರವು ಕನ್ನಡ ಭಾಷೆಯಲ್ಲಿ ಇರಲಿ, ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ, ಇನ್ನೊಂದು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹೋಗಲಿ.

ಸಹಿಗಳು ಮತ್ತು ಹೆಬ್ಬೆಟ್ಟಿನ ಗುರುತುಗಳು ಪ್ರತ್ಯೇಕ ಹಾಳೆಗಳಲ್ಲಿವೆ.